ಶ್ರೀಯವರ ಗದಾಯುದ್ಧ

ಚಾಲುಕ್ಯರ ಆಸ್ಥಾನದಲ್ಲಿದ್ದ ಕವಿಚಕ್ರವರ್ತಿ ರನ್ನನು ‘ಗದಾಯುದ್ಧ’ವೆಂಬ ಚಂಪೂಕಾವ್ಯವನ್ನು ರಚಿಸಿದನು. ಅದಾದ 900ಕ್ಕೂ ಹೆಚ್ಚು ವರ್ಷಗಳ ತರುವಾಯ ಆ ಕಾವ್ಯವನ್ನು ನಾಟಕವಾಗಿ ರೂಪಿಸಿದವರು ಕನ್ನಡದ ಪಂಡಿತರಲ್ಲ, ಇಂಗ್ಲಿಷಿನ ಅಧ್ಯಾಪಕರು. ಅವರೇ ಬಿ. ಎಂ. ಶ್ರೀಕಂಠಯ್ಯನವರು, ಕನ್ನಡಿಗರ ಪ್ರೀತಿಯ ‘ಶ್ರೀ’ಯವರು.

ಶ್ರೀಯವರು 1884ರಲ್ಲಿ ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ ಜನಿಸಿದರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ಬೆಂಗಳೂರು, ಮದರಾಸುಗಳಲ್ಲಿ ಉನ್ನತ ಶಿಕ್ಷಣ ಮುಗಿಸಿದ ಶ್ರೀಯವರು ಮೈಸೂರಿನ ಮಹಾರಾಜಾ ಕಾಲೇಜನ್ನು ಸೇರಿ ದೀರ್ಘಕಾಲ ಬೋಧಿಸಿದರು. ವಿದ್ಯಾವಂತರು ಮನೆಯ ಭಾಷೆಯನ್ನು ಕಡೆಗಣಿಸುತ್ತಿದ್ದ ಕಾಲವದು. ಕನ್ನಡ ತಲೆಯೆತ್ತಬೇಕಾದ ಬಗೆಯನ್ನು ಕುರಿತು ಅವರು 1911ರಲ್ಲಿ ಧಾರವಾಡದಲ್ಲಿ ಉಪನ್ಯಾಸ ನೀಡಿದರು.

1926ರಲ್ಲಿ ಅವರ ‘ಇಂಗ್ಲಿಷ್ ಗೀತಗಳು’ ಹೊರಬಂದು ಹೊಸಗನ್ನಡ ಕವಿತೆಗೆ ಹಾದಿಯನ್ನು ತೆರೆಯಿತು. ಅದೇ ವರ್ಷ ‘ಗದಾಯುದ್ಧ ನಾಟಕ’ವೂ ಪ್ರಕಟವಾಯಿತು. ಹೊಸತನ್ನು ತಂದ ಕೈಯೇ ಹಳಗನ್ನಡವನ್ನೂ ಎತ್ತಿಹಿಡಿದುದು ಸೋಜಿಗವೆನಿಸಬಹುದು.

ರನ್ನನ ಕಾವ್ಯದಲ್ಲಿ ನಾಟಕದ ಗುಣ ಮೊದಲೇ ಹುದುಗಿತ್ತು. ಭೀಮನಿಗೂ ದ್ರೌಪದಿಗೂ ನಡೆಯುವ ಸಂಭಾಷಣೆ, ಸಂಜಯನೊಡನೆ ದುರ್ಯೋಧನನು ರಣರಂಗದಲ್ಲಿ ನಡೆಯುತ್ತ ಆಡುವ ಮಾತು, ತಂದೆತಾಯಿಗಳ ಸಂಧಿಯ ಬೇಡಿಕೆ, ಶರಶಯ್ಯೆಯಲ್ಲಿದ್ದ ಭೀಷ್ಮರ ಭೇಟಿ, ಕೊಳದ ದಡದಲ್ಲಿ ಭೀಮನ ಗರ್ಜನೆ, ಇವೆಲ್ಲ ಪಾತ್ರಗಳ ಬಾಯಿಂದಲೇ ಬರುತ್ತವೆ. ಕಾವ್ಯದಲ್ಲಿ ವಿದೂಷಕನೊಬ್ಬನೂ ಇದ್ದಾನೆ! ರನ್ನನು ಮೊದಲು ನಾಟಕವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದನೋ ಏನೋ ಎಂದು ವಿದ್ವಾಂಸರು ಊಹಿಸಿರುವುದು ಇದರಿಂದಲೇ. ಆದರೂ ಕೆಲಸ ಸುಲಭವಾಗಿರಲಿಲ್ಲ. ಕವಿಯು ತಾನೇ ನಿಂತು ವರ್ಣಿಸುವ ಅವಕಾಶ ರಂಗದ ಮೇಲಿಲ್ಲ. ಅಲ್ಲಿ ಪಾತ್ರವು ಆಡಬೇಕು, ಇಲ್ಲವೇ ಮಾಡಿ ತೋರಿಸಬೇಕು. ಶ್ರೀಯವರು ರನ್ನನ ನುಡಿಯನ್ನು ಬದಲಿಸಿ ತಮ್ಮ ನುಡಿಯನ್ನು ತುಂಬಲಿಲ್ಲ. ಅವನ ಮಾತುಗಳನ್ನೇ ಆಯ್ದು ನಾಟಕಕ್ಕೆ ಅಳವಡಿಸಿದರು.

ಇದಕ್ಕಿಂತ ಕಠಿನವಾದ ಪ್ರಶ್ನೆ ನಾಯಕನಾರೆಂಬುದು. ರನ್ನನು ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ್ದನು. ಆದುದರಿಂದ ಕಾವ್ಯವು ಭೀಮನ ಪಟ್ಟಾಭಿಷೇಕದಲ್ಲಿ ಮುಗಿಯಲೇಬೇಕಾಗಿತ್ತು. ಆದರೆ ಓದುವವರ ಮನಸ್ಸು ಹೋಗುವುದು ಸೋತವನ ಕಡೆಗೆ. ತಮ್ಮಂದಿರನ್ನೂ ಮಗನನ್ನೂ ಕರ್ಣನನ್ನೂ ಕಳೆದುಕೊಂಡು ಹೆಣಗಳ ನಡುವೆ ಒಬ್ಬನೇ ಉಳಿದು, ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯವನ್ನು ಕೊಂಡಾಡಬಲ್ಲ ದುರ್ಯೋಧನನನ್ನು ಬರಿಯ ದುಷ್ಟನೆಂದು ತಳ್ಳಿಹಾಕುವುದು ಹೇಗೆ? ಗ್ರೀಕ್ ರುದ್ರನಾಟಕಗಳಲ್ಲಿ ಪಳಗಿದ್ದ ಶ್ರೀಯವರ ಕಣ್ಣು ಇದನ್ನು ಗುರುತಿಸಿತು. ಹಿರಿಮೆಯುಳ್ಳವನು ತನ್ನ ಛಲದಿಂದಲೇ ಅಳಿಯುವ ಕಥೆಯಾಗಿ ಅವರು ಗದಾಯುದ್ಧವನ್ನು ಕಂಡರು. ದುರ್ಯೋಧನನನ್ನು ನಡುವಿಗೆ ತಂದರು. ಹಳೆಯ ಕವಿಗೆ ಇದು ಅಪಚಾರವೆಂದು ತೋರಬಹುದು. ಆದರೆ ಆ ದುರ್ಯೋಧನನನ್ನು ಸೃಷ್ಟಿಸಿದವನು ರನ್ನನೇ ಅಲ್ಲವೆ? ಶ್ರೀಯವರು ಮಾಡಿದುದು ಕವಿಯ ಮರುಕವನ್ನು ಆಸ್ಥಾನದ ಹಂಗಿನಿಂದ ಬಿಡಿಸಿದ ಕಾರ್ಯ.

1929ರಲ್ಲಿ ಅವರು ಸೊಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದ ವಸ್ತುವಿಗೆ ಹೊಂದಿಸಿ ‘ಅಶ್ವತ್ಥಾಮನ್’ ರಚಿಸಿದರು. 1935ರಲ್ಲಿ ಈಸ್ಕಿಲಸನ ನಾಟಕವೊಂದು ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿತು. ಕೊನೆಯ ದಿನಗಳಲ್ಲಿ ಶ್ರೀಯವರು ಧಾರವಾಡದ ಕಾಲೇಜೊಂದರ ಪ್ರಾಂಶುಪಾಲರಾಗಿದ್ದರು. ಕನ್ನಡದ ಪರವಾಗಿ 35 ವರ್ಷಗಳ ಹಿಂದೆ ದನಿಯೆತ್ತಿದ್ದ ಆ ಊರಿನಲ್ಲಿಯೇ 1946ರ ಜನವರಿ 5ರಂದು ನಿಧನರಾದರು.