ಹೆಸರು ಕಳೆದುಕೊಂಡವನ ಕತೆ ಬರೆದವನು: ಯಾಲ್ಮಾರ್ ಬೋಯೆಸೆನ್

ಹುಟ್ಟಿದ ನಾಡನ್ನು ಬಿಟ್ಟು ಹೋದವರು ಲೋಕದಲ್ಲಿ ಅಸಂಖ್ಯಾತರು. ಆದರೆ ತಾಯಿಯ ಮಡಿಲಲ್ಲಿ ಕಲಿತ ನುಡಿಯನ್ನು ಬದಿಗಿರಿಸಿ, ಪ್ರಾಯಕ್ಕೆ ಬಂದ ಮೇಲೆ ಪಳಗಿಸಿಕೊಂಡ ಪರಭಾಷೆಯಲ್ಲಿ ಕಾದಂಬರಿ ಬರೆದು ಕೀರ್ತಿ ಪಡೆದವರು ವಿರಳ. ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯಿಂದ ಅಮೆರಿಕಕ್ಕೆ ಹೋಗಿ ಹೀಗೆ ಹೆಸರಾದವನು ಯಾಲ್ಮಾರ್ ಯೋರ್ಟ್ ಬೋಯೆಸೆನ್. ಇಂದು ಅವನ ಗ್ರಂಥಗಳನ್ನು ಓದುವವರು ಕಡಿಮೆ. ಆದರೂ ಎರಡು ಭಾಷೆಗಳ ನಡುವೆ ಬೆಳೆಯುವ ಯಾವ ವಿದ್ಯಾರ್ಥಿಗಾದರೂ ಅವನ ಬಾಳು ವಿಚಾರಕ್ಕೆ ಎಡೆಗೊಡುವಂಥದು.

ನಾರ್ವೆ ಬಂಡೆಗಳ ನಾಡು. ಉತ್ತು ಬಿತ್ತಲು ಯೋಗ್ಯವಾದ ನೆಲ ಅಲ್ಲಿ ನೂರಕ್ಕೆ ಮೂರು ಪಾಲಿನಷ್ಟು ಮಾತ್ರ. 1825ರಲ್ಲಿ ಸ್ಟವಾಂಗರ್ ಬಂದರಿನಿಂದ ಐವತ್ತೆರಡು ಜನರನ್ನು ಹೊತ್ತ ಪುಟ್ಟ ಹಡಗೊಂದು ಅಮೆರಿಕದ ಕಡೆ ಹೊರಟಿತು. ಮುಂದೆ ಆ ದಾರಿ ಹಿಡಿದವರು ಒಂದು ಶತಮಾನದಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದರು. 1862ರ ಕಾನೂನಿನಂತೆ ನೆಲೆಸಲು ಬಂದವನಿಗೆ ನೂರ ಅರವತ್ತು ಎಕರೆ ಭೂಮಿ ದೊರೆಯುತ್ತಿತ್ತು. ತುಂಡು ಹೊಲವನ್ನು ನಂಬಿ ಹಸಿದಿದ್ದ ರೈತನಿಗೆ ಇದಕ್ಕಿಂತ ದೊಡ್ಡ ಆಸೆ ಯಾವುದು? ಆದರೆ ಬೋಯೆಸೆನ್ ಅನ್ನಕ್ಕಾಗಿ ಹೊರಟವನಲ್ಲ.

ಅವನು 1848ರ ಸೆಪ್ಟೆಂಬರ್ 23ರಂದು ಕಡಲ ತೀರದ ಫ್ರೆಡ್ರಿಕ್ಸ್‌ವಾರ್ನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಸೈನ್ಯದ ಅಧಿಕಾರಿ. ಬಾಲ್ಯದ ಬಹುಭಾಗ ಕಳೆದುದು ಸೋಂಗ್ ಪ್ರಾಂತದಲ್ಲಿ, ನ್ಯಾಯಾಧೀಶನಾಗಿದ್ದ ತಾತನ ಮನೆಯಲ್ಲಿ. ಇನ್ನೂರು ಕಿಲೋಮೀಟರು ಒಳನಾಡಿಗೆ ಚಾಚಿದ ಸಮುದ್ರದ ಕೋಡು, ಇಕ್ಕೆಲಗಳಲ್ಲಿ ಕಡಿದಾದ ಬೆಟ್ಟ, ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಬೆಂಕಿಯ ಸುತ್ತ ಆಳುಕಾಳುಗಳು ಹೇಳುವ ಯಕ್ಷಿ ರಾಕ್ಷಸರ ಕತೆ, ಇವೆಲ್ಲ ಹುಡುಗನ ಮನಸ್ಸಿನಲ್ಲಿ ಅಚ್ಚೊತ್ತಿದವು. ಮುಂದೆ ನ್ಯೂಯಾರ್ಕಿನಲ್ಲಿ ಕುಳಿತು ಬರೆಯುವಾಗ ಅವನ ಲೇಖನಿಗೆ ಶಾಯಿ ಒದಗಿದ್ದು ಈ ಸೆಲೆಯಿಂದಲೇ.

ರಾಜಧಾನಿಯ ವಿಶ್ವವಿದ್ಯಾನಿಲಯದಲ್ಲಿ ಓದು ಮುಗಿಸಿದ ಮೇಲೆ, 1869ರಲ್ಲಿ, ಇಪ್ಪತ್ತರ ಹರೆಯದಲ್ಲಿ ಅವನು ಅಮೆರಿಕಕ್ಕೆ ಬಂದನು. ತಂದೆ ಆ ದೇಶದ ಅಭಿಮಾನಿಯಾಗಿದ್ದುದೂ ಇದಕ್ಕೆ ಕಾರಣ. ಷಿಕಾಗೋ ನಗರದಲ್ಲಿ ‘ಫ್ರೆಮಾಡ್’ ಎಂಬ ನಾರ್ವೇಜಿಯನ್ ವಾರಪತ್ರಿಕೆಯ ಸಂಪಾದಕತ್ವ ದೊರೆಯಿತು. ತನ್ನವರ ನಡುವೆ, ತನ್ನ ನುಡಿಯಲ್ಲಿ ಬರೆದು ಅವನು ಸುಖವಾಗಿರಬಹುದಾಗಿತ್ತು. ಆದರೆ ಆ ಓದುಗರ ವಲಯ ಸಣ್ಣದು, ಅವನ ಆಕಾಂಕ್ಷೆ ದೊಡ್ಡದು. ಇಂಗ್ಲಿಷಿನಲ್ಲಿಯೇ ಬರೆಯಬೇಕೆಂದು ಹಠ ಹಿಡಿದು, ಪತ್ರಿಕೆಯನ್ನು ಬಿಟ್ಟು, ಒಹಾಯೋ ಸಂಸ್ಥಾನದ ಅರ್ಬಾನಾ ಕಾಲೇಜಿನಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಬೋಧಿಸುತ್ತ ಹೊಸ ನುಡಿಯನ್ನು ವಶಮಾಡಿಕೊಳ್ಳತೊಡಗಿದನು.

1871ರಲ್ಲಿ ಅವನ ಅದೃಷ್ಟ ತೆರೆಯಿತು. ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯ ಸಂಪಾದಕ, ಸ್ವತಃ ಕಾದಂಬರಿಕಾರನಾದ ವಿಲಿಯಂ ಡೀನ್ ಹೋವೆಲ್ಸನ ಪರಿಚಯವಾಯಿತು. ತರುಣನ ಹಸ್ತಪ್ರತಿಯನ್ನು ಕೇಳಿ ಹೋವೆಲ್ಸ್ ಮೆಚ್ಚಿದನು. ‘ಗುನ್ನಾರ್’ ಎಂಬ ಆ ಕಾದಂಬರಿ 1873ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿಯೂ, ಮರುವರ್ಷ ಪುಸ್ತಕವಾಗಿಯೂ ಹೊರಬಂದಿತು. ಬಡ ಒಕ್ಕಲಿನ ಮಗನೊಬ್ಬ ಸಿರಿವಂತ ಜಮೀನುದಾರನ ಮಗಳನ್ನು ಪ್ರೀತಿಸಿ, ಚಿತ್ರಕಲೆಯಲ್ಲಿ ಹೆಸರು ಪಡೆದು ಅವಳಿಗೆ ತಕ್ಕವನಾಗುವ ಕತೆ ಅದು. ನಾರ್ವೆಯ ಮಹಾಲೇಖಕ ಬ್ಯೋರ್ನ್‌ಸನ್ನನ ಗ್ರಾಮಕತೆಗಳ ನೆರಳು ಅದರ ಮೇಲಿದೆ. ಆದರೆ ಅಮೆರಿಕಕ್ಕೆ ಕಾಲಿಟ್ಟು ನಾಲ್ಕೇ ವರ್ಷವಾಗಿದ್ದವನ ಇಂಗ್ಲಿಷ್ ಬರಹ ಆ ನಾಡಿನ ಅಗ್ರಪತ್ರಿಕೆಯಲ್ಲಿ ಪ್ರಕಟವಾದುದು ಸಾಮಾನ್ಯ ಸಾಧನೆಯಲ್ಲ.

ಅದೇ 1873ರಲ್ಲಿ ಯೂರೋಪಿಗೆ ಹೋದಾಗ ಪ್ಯಾರಿಸಿನಲ್ಲಿ ರಷ್ಯದ ತುರ್ಗೇನೆವ್‌ನನ್ನು ಕಂಡನು. ಕಣ್ಣೆದುರಿನ ಬಾಳನ್ನು ಬಣ್ಣ ಹಚ್ಚದೆ ಕಾಣಿಸುವ ಆ ಹಿರಿಯನ ರೀತಿ ಅವನನ್ನು ಸೆರೆಹಿಡಿಯಿತು. ಮರುವರ್ಷ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾದನು. ಆರು ವರ್ಷಗಳ ತರುವಾಯ ಆ ಕೆಲಸವನ್ನು ಬಿಟ್ಟು, ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜನ್ನು ಸೇರಿ, ಕೊನೆಯವರೆಗೂ ಅಲ್ಲಿಯೇ ಜರ್ಮನ್ ಸಾಹಿತ್ಯವನ್ನು ಬೋಧಿಸಿದನು. 1878ರಲ್ಲಿ ಅಮೆರಿಕದ ಕನ್ಯೆಯೊಬ್ಬಳನ್ನು ವಿವಾಹವಾಗಿ ಆ ನಾಡಿನವನೇ ಆದನು.

ಆದರೆ ನಿಜವಾಗಿ ಆದನೇ? ಈ ಪ್ರಶ್ನೆಗೆ ಉತ್ತರವನ್ನು ಅವನ ಕತೆಯೊಂದರಲ್ಲಿ ಹುಡುಕಬೇಕು. 1876ರಲ್ಲಿ ಅಚ್ಚಾದ ಕಥಾಸಂಗ್ರಹದಲ್ಲಿ, ಹೆಸರು ಕಳೆದುಕೊಂಡ ಮನುಷ್ಯನೊಬ್ಬನ ಕತೆಯಿದೆ. ಹಾಲ್ಫ್‌ಡಾನ್ ಬ್ಯೆರ್ಕ್ ಎಂಬ ನಾರ್ವೆಯ ಯುವಕ ನ್ಯೂಯಾರ್ಕಿಗೆ ಬರುತ್ತಾನೆ. ಅಲ್ಲಿನವರ ನಾಲಿಗೆಗೆ ಆ ಹೆಸರು ಹೊರಳದೆ ಅವನು ಡೇನಿಯಲ್ ಬರ್ಚ್ ಆಗುತ್ತಾನೆ. ಸಿರಿವಂತರ ಮನೆಯಲ್ಲಿ ಸಂಗೀತ ಕಲಿಸುತ್ತ ಆ ಮನೆಯ ಮಗಳಿಗೆ ಮನಸೋಲುತ್ತಾನೆ. ಅವಳು ಒಲಿಯುವುದಿಲ್ಲ. ನೊಂದು ತಾಯ್ನಾಡಿಗೆ ಮರಳಿದರೆ ಅಲ್ಲಿಯೂ ತಾನು ಪರಕೀಯನೆಂದು ತಿಳಿಯುತ್ತದೆ. ಮತ್ತೆ ನ್ಯೂಯಾರ್ಕಿಗೆ ಬಂದು, ಚಳಿಯ ರಾತ್ರಿಯೊಂದರಲ್ಲಿ, ಅವಳ ಮನೆಯ ಬಾಗಿಲಲ್ಲೇ ಪ್ರಾಣ ಬಿಡುತ್ತಾನೆ. ಹೆಸರಿನೊಡನೆ ತಾನು ಯಾರೆಂಬುದನ್ನೂ ಕಳೆದುಕೊಂಡವನ ದುಃಖ ಇಲ್ಲಿ ಸರಳವಾಗಿ ಮೂಡಿದೆ. ಬೋಯೆಸೆನ್ ತನ್ನ ಹೆಸರನ್ನು ಬದಲಿಸಲಿಲ್ಲ, ಯಶಸ್ಸನ್ನೂ ಪಡೆದನು. ಆದರೂ ಆ ಯುವಕನ ಭಯವನ್ನು ಒಳಗೆ ಅರಿಯದವನು ಇಂಥ ಕತೆಯನ್ನು ಬರೆಯಲಾರನು.

1879ರ ‘ಫಾಲ್ಕನ್‌ಬರ್ಗ್’ ಕಾದಂಬರಿಯಲ್ಲಿ ಮಿನ್ನೆಸೋಟ ಪ್ರಾಂತದ ವಲಸೆಗಾರರ ಬಾಳನ್ನು ಚಿತ್ರಿಸಿ, ಜನರನ್ನು ಹಿಡಿತದಲ್ಲಿಟ್ಟುಕೊಂಡ ಪಾದ್ರಿಯನ್ನು ಖಂಡಿಸಿದನು. ಮುಂದೆ ಅವನ ದೃಷ್ಟಿ ಅಮೆರಿಕದ ಸಮಾಜದ ಮೇಲೆಯೇ ಬಿದ್ದಿತು. ಹಣವೇ ದೇವರಾದ ಕಾಲವದು. 1891ರಲ್ಲಿ ‘ಮ್ಯಾಮನ್ ಆಫ್ ಅನ್‌ರೈಟಿಯಸ್‌ನೆಸ್’ ಎಂಬ ಕಾದಂಬರಿಯಲ್ಲಿ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ ಧನಿಕನನ್ನೂ, ಅವನ ಇಬ್ಬರು ತಮ್ಮನ ಮಕ್ಕಳನ್ನೂ ತಂದನು. ಒಬ್ಬ ರಾಜಕೀಯದಲ್ಲಿ ಮೇಲೇರಲು ಆತ್ಮವನ್ನು ಅಡವಿಡುತ್ತಾನೆ. ಇನ್ನೊಬ್ಬ ಆದರ್ಶವನ್ನು ಬಿಡಲಾರ. ಮುಂದಿನ ಎರಡು ವರ್ಷಗಳಲ್ಲಿ ಬಂದ ‘ಗೋಲ್ಡನ್ ಕಾಫ್’, ‘ಸೋಷಿಯಲ್ ಸ್ಟ್ರಗ್ಲರ್ಸ್’ ಎಂಬುವೂ ಇದೇ ಧಾಟಿಯವು.

ಇಲ್ಲಿಯೇ ಅವನ ಬಾಳಿನ ತೊಡಕು. ಓದುಗರಿಗೆ ಬೇಕಾಗಿದ್ದುದು ನಾರ್ವೆಯ ಬೆಟ್ಟ, ಹಿಮ, ಪ್ರಣಯ. ಅವನಿಗೆ ಹೇಳಬೇಕಾಗಿದ್ದುದು ಕಣ್ಣೆದುರಿನ ಕಟುಸತ್ಯ. ಪತ್ರಿಕೆಗಳ ಓದುಗರಲ್ಲಿ ಎಳೆಯ ಹೆಣ್ಣುಮಕ್ಕಳೇ ಹೆಚ್ಚಾದುದರಿಂದ ಅವರಿಗೆ ಒಪ್ಪದ ವಿಷಯವನ್ನು ಸಂಪಾದಕರು ಮುಟ್ಟಗೊಡುವುದಿಲ್ಲ, ಕಾದಂಬರಿಯ ಕೊರಳು ಇದರಿಂದ ಬಿಗಿಯುತ್ತಿದೆ ಎಂದು ಅವನು ಕಟುವಾಗಿ ದೂರಿದನು. ಆದರೆ ಅವನೂ ಮಾರುಕಟ್ಟೆಗಾಗಿ ಬಹಳ ಬರೆದನು. ಇಪ್ಪತ್ತೈದು ವರ್ಷವೂ ತುಂಬದ ಸಾಹಿತ್ಯಜೀವನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪುಸ್ತಕ! ಎಲ್ಲವೂ ಪಕ್ವವಾಗಿ ಬಂದವೆಂದು ಹೇಳಲಾಗದು.

ವಿಮರ್ಶಕನಾಗಿ ಅವನ ಸೇವೆ ಮಾತ್ರ ನಿಸ್ಸಂದೇಹವಾದುದು. ಗಯಟೆ ಮತ್ತು ಷಿಲ್ಲರರ ವಿಚಾರವಾಗಿ 1879ರಲ್ಲಿ, ಇಬ್ಸನ್ನನ ಕೃತಿಗಳ ವಿಚಾರವಾಗಿ 1894ರಲ್ಲಿ ಗ್ರಂಥ ಬರೆದನು. ಸ್ಕ್ಯಾಂಡಿನೇವಿಯದ ಸಾಹಿತ್ಯವನ್ನು ಕುರಿತ ಪ್ರಬಂಧಗಳು 1895ರಲ್ಲಿ ಬಂದವು. ಬ್ಯೋರ್ನ್‌ಸನ್, ಲೀ, ಶೀಲ್ಲಾಂಡ್, ಬ್ರಾಂಡೆಸ್ ಮುಂತಾದವರನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದವರಲ್ಲಿ ಅವನು ಮೊದಲಿಗನ ಸಾಲಿನವನು. ತಾಯ್ನುಡಿಯಲ್ಲಿ ಬರೆಯದವನು ತಾಯ್ನುಡಿಯ ಋಣವನ್ನು ಹೀಗೆ ತೀರಿಸಿದನು.

1895ರ ಅಕ್ಟೋಬರ್ 4ರಂದು, ನಲವತ್ತೇಳನೆಯ ವಯಸ್ಸಿನಲ್ಲಿ, ಬೋಯೆಸೆನ್ ನ್ಯೂಯಾರ್ಕಿನಲ್ಲಿ ಹಠಾತ್ತಾಗಿ ತೀರಿಕೊಂಡನು. ಮರುವರ್ಷವೇ ನಾರ್ವೆಯ ಬೆಸ್ತರ ಕುಟುಂಬದ ತರುಣನೊಬ್ಬ ಅಮೆರಿಕದಲ್ಲಿ ಬಂದಿಳಿದನು. ಅವನೇ ಓಲೆ ರೋಲ್ವಾಗ್. ಅವನು ಅಮೆರಿಕದಲ್ಲಿದ್ದೂ ನಾರ್ವೇಜಿಯನ್ ಭಾಷೆಯಲ್ಲಿಯೇ ಬರೆದನು. ಬಯಲು ಸೀಮೆಯ ವಲಸೆಗಾರರನ್ನು ಕುರಿತ ಅವನ ಮಹಾಕಾದಂಬರಿ 1927ರಲ್ಲಿ ಇಂಗ್ಲಿಷಿಗೆ ಬಂದು ಪ್ರಸಿದ್ಧವಾಯಿತು. ಒಬ್ಬನು ಹೊಸ ನುಡಿಗೆ ಹಾರಿದನು, ಇನ್ನೊಬ್ಬನು ಹಳೆಯದನ್ನು ಬಿಗಿಯಾಗಿ ಹಿಡಿದನು. ಕಾಲವು ಎರಡನೆಯವನಿಗೆ ಹೆಚ್ಚು ಒಲಿದಿದೆ. ಹಾಗೆಂದು ಮೊದಲಿನವನು ತಪ್ಪಿದನೆನ್ನುವುದು ನ್ಯಾಯವಲ್ಲ. ಪರಭಾಷೆಯ ಬಾಗಿಲು ತಟ್ಟಿ ಒಳಹೊಕ್ಕು, ಹಿಂದೆ ಬರುವವರಿಗಾಗಿ ಅದನ್ನು ತೆರೆದಿಟ್ಟವನು ಅವನು. ಅದಕ್ಕಾಗಿ ಅವನು ತೆತ್ತ ಬೆಲೆಯೇನೆಂಬುದನ್ನು ಅವನ ಹಾಲ್ಫ್‌ಡಾನನ ಕತೆಯೇ ಹೇಳುತ್ತದೆ.