ಪಂಜರದೊಳಗೆ ಕೂತ ಫ್ಯಾರಡೆ

ಹೋದ ವರ್ಷ ಕಾಪು ಬೀಚಲ್ಲಿ ನಮ್ಮದೊಂದು ಸಣ್ಣ ಕಾರ್ಯಕ್ರಮ. ಜನರೇಟರ್ ಟೆಂಪೋದೊಳಗೇ ಇತ್ತು. ಒದ್ದೆ ಮರಳಲ್ಲಿ ಬರಿಗಾಲಲ್ಲಿ ನಿಂತು ಟೆಂಪೋ ಬಾಗಿಲು ಮುಟ್ಟಿದ ಗೆಳೆಯ ಶಾಕ್ ಹೊಡೆದು ಹಿಂದಕ್ಕೆ ಬಿದ್ದ. ಒಳಗೆ ಅದೇ ತಗಡಿಗೆ ಒರಗಿ ಕೂತವನಿಗೆ ಏನೂ ಆಗಿರಲಿಲ್ಲ! ಯಾಕೆ ಅಂತ ಹುಡುಕಿಕೊಂಡು ಹೋದ ನಾವು ತಲುಪಿದ್ದು ಮೈಕೆಲ್ ಫ್ಯಾರಡೆ ಹತ್ತಿರ.

ಲಂಡನ್ ಸಮೀಪ 1791ರಲ್ಲಿ ಹುಟ್ಟಿದ ಫ್ಯಾರಡೆ ಕಮ್ಮಾರನ ಮಗ. ಶಾಲೆ ಕಲಿತದ್ದು ಅಷ್ಟಕ್ಕಷ್ಟೇ. 14ನೇ ವಯಸ್ಸಿಗೆ ಪುಸ್ತಕ ಬೈಂಡ್ ಮಾಡುವ ಅಂಗಡಿ ಸೇರಿದರು. ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಓದುತ್ತಿದ್ದರು. ವಿದ್ಯುತ್ತಿನ ಹುಚ್ಚು ಹಿಡಿದದ್ದು ಒಂದು ವಿಶ್ವಕೋಶದ ಲೇಖನದಿಂದ. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ನೋಟ್ಸ್ ಬರೆದು, ತಾವೇ ಬೈಂಡ್ ಮಾಡಿ ಡೇವಿಗೆ ಕಳಿಸಿದರು. ಸುಮಾರು 300 ಪುಟ! (ನಾವಾದರೆ ಪರೀಕ್ಷೆಯ ಹಿಂದಿನ ರಾತ್ರಿ ಜೆರಾಕ್ಸ್ ಹುಡುಕುವವರು.) ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಡೇವಿ ಜೊತೆ ಯುರೋಪ್ ಸುತ್ತುವಾಗ ಡೇವಿಯ ಹೆಂಡತಿ ಅವರನ್ನು ಆಳಿನ ಹಾಗೆ ನಡೆಸಿಕೊಂಡರು. ಬೇಸತ್ತರೂ ಫ್ಯಾರಡೆ ವಿಜ್ಞಾನ ಬಿಡಲಿಲ್ಲ.

1831ರಲ್ಲಿ ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆ ತಿರುಗಿಸಿ ಕರೆಂಟ್ ತೆಗೆದರು. ನಮ್ಮ ಆಟದ ಬಯಲಲ್ಲಿ ರಾತ್ರಿಯಿಡೀ ಗುಡುಗುಡು ಅನ್ನುವ ಜನರೇಟರಿಗೆ ಅದೇ ಮೂಲಪುರುಷ.

ನಮಗೆ ಬೇಕಿದ್ದದ್ದು 1836ರ ಪ್ರಯೋಗ. 12 ಅಡಿಯ ಒಂದು ದೊಡ್ಡ ಪೆಟ್ಟಿಗೆ ಕಟ್ಟಿಸಿ, ಸುತ್ತ ಲೋಹ ಹೊದಿಸಿ, ನೆಲಕ್ಕೆ ತಾಗದಂತೆ ನಿಲ್ಲಿಸಿ, ತಾವೇ ಒಳಗೆ ಹೋಗಿ ಕೂತರು. ಹೊರಗಿಂದ ಯಂತ್ರದಲ್ಲಿ ಚಾರ್ಜ್ ಏರಿಸಿದರು. ಹೊರಮೈಯಿಂದ ಕಿಡಿ ಹಾರಿದರೂ ಒಳಗಿನ ಉಪಕರಣ ಅಲುಗಲಿಲ್ಲ. ಧೈರ್ಯ ಅಂದ್ರೆ ಇದು ಮಾರಾಯ್ರೆ!

ನಮ್ಮ ಟೆಂಪೋವೂ ಅಂಥದ್ದೇ ಪಂಜರ. ಟೈರಿನ ರಬ್ಬರು ಅದನ್ನು ನೆಲದಿಂದ ಬೇರೆ ಮಾಡಿತ್ತು. ಸವೆದ ಫೇಸ್ ವೈರೊಂದು ತಗಡಿಗೆ ತಾಗಿ ಇಡೀ ಬಾಡಿ ಲೈವ್ ಆಗಿತ್ತು. ಒಳಗಿದ್ದವನ ಸುತ್ತ ಎಲ್ಲ ಕಡೆ ಒಂದೇ ವೋಲ್ಟೇಜ್, ಹಾಗಾಗಿ ಬಚಾವ್. ಆದರೆ ಜನರೇಟರಿನ ನ್ಯೂಟ್ರಲನ್ನು ಮರಳಲ್ಲಿ ನೆಟ್ಟ ಸರಳಿಗೆ ಕಟ್ಟಿದ್ದರು. ಹೊರಗಿದ್ದವನ ಮೈಯೇ ಕರೆಂಟಿಗೆ ದಾರಿಯಾಯಿತು. ಆ ದಾರಿಯಲ್ಲಿ ಹರಿದ ಕರೆಂಟ್ ಎಂಸಿಬಿ ಟ್ರಿಪ್ ಆಗುವಷ್ಟು ಇರಲಿಲ್ಲ. ಮಣಿಪಾಲದ ಎಲೆಕ್ಟ್ರಿಷಿಯನ್ ಅಣ್ಣ ಬಂದು ಚಾಸಿ, ಜನರೇಟರ್ ಫ್ರೇಮ್, ನ್ಯೂಟ್ರಲ್ ಮೂರನ್ನೂ ದಪ್ಪ ವೈರಿನಿಂದ ಸೇರಿಸಿದ್ದೇ ತಡ, ಸ್ಟಾರ್ಟ್ ಮಾಡಿದ ಕೂಡಲೇ ಎಂಸಿಬಿ ಬಿತ್ತು. ಆಮೇಲೆ ಸವೆದ ಜಾಗ ಸಿಗೋದು ಕಷ್ಟವಾಗಲಿಲ್ಲ.

ಫ್ಯಾರಡೆಗೆ ಗಣಿತ ಬರುತ್ತಿರಲಿಲ್ಲ. ಅವರ ಬಲರೇಖೆಗಳನ್ನು ಸಮೀಕರಣ ಮಾಡಿ ನಮ್ಮ ಸೆಮಿಸ್ಟರಿಗೆ ತಂದಿಟ್ಟದ್ದು ಮ್ಯಾಕ್ಸ್‌ವೆಲ್. ನೈಟ್ ಪದವಿ ಬೇಡ ಅಂದರು, ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಬೇಡ ಅಂದರು. ಕೊನೆಗಾಲದಲ್ಲಿ ಮರೆವು ಕಾಡಿತು. 1867ರ ಆಗಸ್ಟ್ 25ರಂದು ರಾಣಿ ಕೊಟ್ಟಿದ್ದ ಮನೆಯಲ್ಲಿ ತೀರಿಕೊಂಡರು. ಹೈಗೇಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಗೆಳೆಯ ಈಗ ಆರಾಮಿದ್ದಾನೆ. ಕಾರ್ಕಳದ ಕಾರ್ಯಕ್ರಮಕ್ಕೆ ಮೊದಲು ಟೆಸ್ಟರ್ ಹಿಡಿದು ಟೆಂಪೋ ಸುತ್ತಿದ್ದು ಅವನೇ, ಕಾಲಿಗೆ ಚಪ್ಪಲಿ ಹಾಕಿಕೊಂಡು.