ದೊಡ್ಡ ಸ್ವಾಮಿಯವರು: ಅಬ್ಬೆ ದುಬಾಯ್

ನಮ್ಮ ಚೋರನೂರು, ಸಂಡೂರು, ಹೊಸಪೇಟೆಯ ಕಡೆಯ ಹಿರಿಯರ ತೋಳಿನ ಮೇಲೆ ಗುಂಡನೆಯ ಹಳೆಯ ಕಲೆಗಳನ್ನು ಕಾಣಬಹುದು. ಸಿಡುಬಿನ ದಾಕು ಹಾಕಿಸಿಕೊಂಡ ಗುರುತದು. ಕಿರಿಯರ ತೋಳಿನಲ್ಲಿ ಆ ಗುರುತಿಲ್ಲ, ಏಕೆಂದರೆ ಆ ರೋಗವೇ ಈಗಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರ ಮೇ ತಿಂಗಳಿನದು. 1980ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಕನ್ನಡ ನಾಡಿನಲ್ಲಿ ಈ ಕಾರ್ಯದ ಆರಂಭದ ದಿನಗಳನ್ನು ಅರಸಿ ಹೊರಟರೆ, ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಕೋಲೂರಿ ನಡೆಯುತ್ತಿದ್ದ ಒಬ್ಬ ಫ್ರೆಂಚ್ ಗುರುಗಳು ಎದುರಾಗುತ್ತಾರೆ. ಅವರೇ ಜ್ಯಾನ್ ಆಂತ್ವಾನ್ ದುಬಾಯ್. ಮೈಸೂರು ಸೀಮೆಯ ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಹೊರಜಗತ್ತಿಗೆ ಅವರು ಅಬ್ಬೆ ದುಬಾಯ್. ಅಬ್ಬೆ ಎಂದರೆ ಫ್ರೆಂಚರಲ್ಲಿ ಗುರುಗಳಿಗೆ ಸಲ್ಲುವ ಗೌರವದ ಸಂಬೋಧನೆ. ಹಳಗನ್ನಡದಲ್ಲಿ ಅದೇ ಪದಕ್ಕೆ ತಾಯಿ ಎಂಬ ಅರ್ಥವಿರುವುದು ಕೇವಲ ಆಕಸ್ಮಿಕವಾದರೂ ಕಿವಿಗೆ ಹಿತವೆನಿಸುತ್ತದೆ.

ದುಬಾಯ್ ಅವರ ಹುಟ್ಟೂರು ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದ ಸೇಂಟ್ ರೆಮೆಜ್ ಎಂಬ ಗ್ರಾಮ. 1766ರ ಜನವರಿಯಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶೀ ಮಿಶನ್ ಸಂಸ್ಥೆಯ ಮೂಲಕ ಅದೇ ವರ್ಷದ ಜೂನ್ ತಿಂಗಳಲ್ಲಿ ಭಾರತಕ್ಕೆ ಹೊರಟರು. ಅವರು ಹೊರಟ ಮೂರು ತಿಂಗಳೊಳಗೆ, ಅಂದರೆ ಸೆಪ್ಟೆಂಬರಿನಲ್ಲಿ, ಕ್ರಾಂತಿಯ ಉನ್ಮಾದದಲ್ಲಿದ್ದ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ನೂರಾರು ಗುರುಗಳ ಕೊಲೆಯಾಯಿತು. ಮುಂದಿನ ಮೂವತ್ತು ವರ್ಷ ಅವರು ಸ್ವದೇಶದ ಮುಖ ನೋಡಲಿಲ್ಲ.

ಪುದುಚೇರಿಯ ಮಿಶನ್ನಿನ ತಮಿಳು ಸೀಮೆಯಲ್ಲಿ ಅವರ ಮೊದಲ ವರ್ಷಗಳು ಕಳೆದವು. ಅಲ್ಲಿಯೇ ಅವರು ತಮ್ಮ ಬದುಕಿನ ರೀತಿಯನ್ನು ಗೊತ್ತುಮಾಡಿಕೊಂಡರು: ಈ ನಾಡಿನವರ ಉಡುಗೆ, ಈ ನಾಡಿನವರ ಊಟ, ಈ ನಾಡಿನವರ ನಡವಳಿಕೆ, ಎಲ್ಲಕ್ಕಿಂತ ಮೊದಲು ಅವರ ಭಾಷೆ. ಕಲಿಯಲು ಇಂದಿನಂತೆ ಪಠ್ಯಪುಸ್ತಕಗಳಾಗಲೀ ತರಗತಿಗಳಾಗಲೀ ಇರಲಿಲ್ಲ. ಓಲೆಗರಿಯ ಗ್ರಂಥಗಳು ಹಾಗೂ ಜನರ ಬಾಯಿಮಾತೇ ಪಾಠಶಾಲೆಯಾದವು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. 1784ರಿಂದ ಸೆರೆಯಲ್ಲಿದ್ದ ಕೆನರಾ ಕರಾವಳಿಯ ಕ್ರೈಸ್ತರಲ್ಲಿ ಉಳಿದವರು ಬಿಡುಗಡೆ ಹೊಂದಿದರು. ಚದುರಿದ ಆ ಜನರನ್ನು ಒಟ್ಟುಗೂಡಿಸಲು ಒಬ್ಬ ಗುರು ಬೇಕಾಗಿದ್ದರು. ಕರ್ನಲ್ ವೆಲ್ಲೆಸ್ಲಿಯ ಸಲಹೆಯ ಮೇರೆಗೆ ದುಬಾಯ್ ಅವರಿಗೆ ಆಹ್ವಾನ ಹೋಯಿತು. ಆಗ ಆಂಗ್ಲರಿಗೂ ಫ್ರೆಂಚರಿಗೂ ಘೋರ ಯುದ್ಧ ನಡೆದಿದ್ದ ಕಾಲ. ಶತ್ರುದೇಶದ ಗುರುವೊಬ್ಬರನ್ನು ಆಂಗ್ಲ ಸೇನಾನಿಯೇ ಕರೆಸಿಕೊಂಡನೆಂದರೆ ಅವರ ನಡತೆಯ ಬಗ್ಗೆ ಇದ್ದ ನಂಬಿಕೆ ಎಂತಹದ್ದೆಂದು ಊಹಿಸಬಹುದು. ಬಲವಂತದಿಂದ ಮತ ಬದಲಿಸಬೇಕಾಗಿ ಬಂದಿದ್ದ ಸುಮಾರು 1,800 ಮಂದಿಯನ್ನು ಅವರು ಮರಳಿ ಧರ್ಮಸಭೆಗೆ ಸೇರಿಸಿಕೊಂಡರು. ಹಾಸನದ ಸಮೀಪ ಕ್ರೈಸ್ತ ಕುಟುಂಬಗಳಿಗಾಗಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ಚರ್ಚನ್ನು ಜನ ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

ಅದೇ ಸಮಯದಲ್ಲಿ ವೈದ್ಯವಿಜ್ಞಾನದಲ್ಲಿ ಒಂದು ದೊಡ್ಡ ಸಂಗತಿ ನಡೆದಿತ್ತು. ಹಸುವಿನ ಸಿಡುಬಿನ ಕೀವನ್ನು ಮನುಷ್ಯನ ಚರ್ಮಕ್ಕೆ ತಾಗಿಸಿದರೆ ಮಾರಕ ಸಿಡುಬು ಹತ್ತಿರ ಸುಳಿಯದೆಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಪರೀಕ್ಷಿಸಿ 1798ರಲ್ಲಿ ಪ್ರಕಟಿಸಿದ್ದನು. ಆದರೆ ಅದನ್ನು ಭಾರತಕ್ಕೆ ತರುವುದು ಸುಲಭವಾಗಿರಲಿಲ್ಲ. ಹಡಗಿನ ದೀರ್ಘ ಪ್ರಯಾಣದಲ್ಲಿ, ಉಷ್ಣವಲಯದ ಸೆಖೆಯಲ್ಲಿ ಆ ರಸ ಸತ್ವ ಕಳೆದುಕೊಳ್ಳುತ್ತಿತ್ತು. ಕೊನೆಗೆ ಬಾಗ್ದಾದ್, ಬಸ್ರಾ ಮಾರ್ಗವಾಗಿ ಬಂದ ರಸದಿಂದ 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ದಾಕು ಫಲಿಸಿತು. ಅಲ್ಲಿಂದ ತೋಳಿನಿಂದ ತೋಳಿಗೆ ಸಾಗಿ ಅದು ದಕ್ಷಿಣ ಭಾರತವನ್ನು ತಲುಪಿತು. ದಾಕು ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ಏಳೆಂಟು ದಿನಗಳಿಗೆ ಗುಳ್ಳೆ ಮಾಗುತ್ತಿತ್ತು; ಅದರ ರಸವನ್ನು ತೆಗೆದು ಕೂಡಲೇ ಮತ್ತೊಂದು ಮಗುವಿಗೆ ಹಾಕಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ಆದ್ದರಿಂದ ದಾಕಿನ ಕೆಲಸದವರಿಗೆ ಋತುಗಳ ಮೇಲೆ ಕಣ್ಣಿಡುವುದು ಅನಿವಾರ್ಯವಾಗಿತ್ತು. ಮದ್ರಾಸಿನ ವೀಕ್ಷಣಾಲಯದಲ್ಲಿ 18ನೆಯ ಶತಮಾನದ ಕೊನೆಯ ದಶಕದಿಂದಲೇ ಉಷ್ಣತೆಯನ್ನೂ ವಾಯುಭಾರವನ್ನೂ ಅಳೆದು ಬರೆದಿಡುವ ಪರಿಪಾಠ ಆರಂಭವಾಗಿತ್ತಾದರೂ, ಹಳ್ಳಿಯಿಂದ ಹಳ್ಳಿಗೆ ನಡೆಯುವವರಿಗೆ ಅದರ ನೆರವು ಎಲ್ಲಿಂದ ಬರಬೇಕು? ಬಿರುಬೇಸಿಗೆ ಬಂದಿತೆಂದರೆ ದಾಕಿನ ಕೆಲಸಕ್ಕೆ ಹಿನ್ನಡೆಯೇ ಸರಿ.

ಇನ್ನು ಜನರ ಮನಸ್ಸು. ಸಿಡುಬನ್ನು ಅಮ್ಮನ ಬರವೆಂದು ಕಂಡು, ಬೇವಿನ ಸೊಪ್ಪು ಕಟ್ಟಿ ಪೂಜಿಸುತ್ತಿದ್ದ ಕಾಲವದು. ಅಪರಿಚಿತನೊಬ್ಬ ಬಂದು ಆರೋಗ್ಯವಾಗಿರುವ ಕೂಸಿನ ತೋಳನ್ನು ಗೀರಿ ರೋಗದ ರಸ ಹಾಕುತ್ತೇನೆಂದರೆ ಯಾವ ತಾಯಿ ತಾನೇ ಒಪ್ಪಿಯಾಳು? ಅದೂ ಬೇರೆ ಕುಲದ ಮಗುವಿನ ತೋಳಿನಿಂದ ತೆಗೆದ ರಸ! ಇಂತಹ ಕಡೆ ಸರ್ಕಾರದ ಆಜ್ಞೆಗಿಂತ, ಪರಿಚಯದ ಮುಖವೂ ಪರಿಚಯದ ಮಾತೂ ಹೆಚ್ಚು ಕೆಲಸ ಮಾಡುತ್ತವೆ. ದುಬಾಯ್ ಅವರಲ್ಲಿ ಇದ್ದುದು ಇವೆರಡೇ. 1803-04ರ ಅವಧಿಯಲ್ಲಿ ಅವರ ಪ್ರಯತ್ನದಿಂದ 25,432 ಜನರಿಗೆ ದಾಕು ಹಾಕಲಾಯಿತೆಂದು ದಾಖಲೆ ಹೇಳುತ್ತದೆ. ಅವರು ವೈದ್ಯರಲ್ಲ ಎಂಬುದನ್ನು ನೆನಪಿನಲ್ಲಿಟ್ಟು ಈ ಸಂಖ್ಯೆಯನ್ನು ಓದಬೇಕು. ಇದಾದ ಸ್ವಲ್ಪವೇ ಕಾಲದಲ್ಲಿ ಮೈಸೂರಿನ ಅರಮನೆಯೂ ಮುಂದೆ ಬಂದಿತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ವಧು ದೇವಾಜಮ್ಮಣ್ಣಿ ದಾಕು ಹಾಕಿಸಿಕೊಂಡರು. ಥಾಮಸ್ ಹಿಕಿ ಎಂಬ ಚಿತ್ರಕಾರ ಸುಮಾರು 1805ರಲ್ಲಿ ಬರೆದನೆನ್ನಲಾದ ರಾಣಿಯರ ಚಿತ್ರವೊಂದರಲ್ಲಿ ಸೆರಗು ಸರಿಸಿ ತೋಳನ್ನು ತೋರಿಸುತ್ತಿರುವಾಕೆ ಈಕೆಯೇ ಎಂಬುದು ಇತಿಹಾಸಕಾರರ ಅಭಿಪ್ರಾಯ. ದುಬಾಯ್ ಅವರ ಭಾವಚಿತ್ರವನ್ನು ಬರೆದವನೂ ಇದೇ ಹಿಕಿ.

ಈ ಎಲ್ಲದರ ನಡುವೆ ಅವರು ಬರೆಯುತ್ತಲೂ ಇದ್ದರು. ಈ ದೇಶದ ಆಚಾರ, ವ್ಯವಹಾರ, ಹಬ್ಬ, ವ್ರತ, ಬಡವರ ಆಸ್ತಿಪಾಸ್ತಿಯ ಲೆಕ್ಕ, ಎಲ್ಲವನ್ನೂ ಒಳಗೊಂಡ ಅವರ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದ್ರಾಸಿಗೆ ಕಳುಹಿಸಿದನು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ 2,000 ವರಹ ತೆತ್ತು ಅದನ್ನು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಹೊರಬಂದಿತು. ಅಷ್ಟರಲ್ಲಿ ಲೇಖಕರು ಮೂಲವನ್ನು ಬಹಳಷ್ಟು ತಿದ್ದಿ ಬೆಳೆಸಿದ್ದರೂ ಆ ತಿದ್ದುಪಡಿಗಳು ಈ ಮುದ್ರಣದಲ್ಲಿ ಸೇರಲಿಲ್ಲ. ತಿದ್ದಿದ ಪ್ರತಿಯ ಪೂರ್ಣ ಇಂಗ್ಲಿಷ್ ಅನುವಾದ ಬೋಷಾಂಪ್ ಎಂಬುವರಿಂದ ಬಂದುದು 1897ರಲ್ಲಿ.

ಈ ಗ್ರಂಥದ ವಿಷಯದಲ್ಲಿ ಒಂದು ಸತ್ಯವನ್ನು ಮುಚ್ಚಿಡಲಾಗದು. ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಇದರ ದೊಡ್ಡ ಭಾಗಕ್ಕೆ ಆಧಾರ ಯೇಸುಸಭೆಯ ಫಾದರ್ ಕೂರ್ದೂ ಅವರ ಹಳೆಯ ಹಸ್ತಪ್ರತಿ. ಕೂರ್ದೂ ತೆಲುಗು ಸೀಮೆಯಲ್ಲಿ ದುಡಿದು 1779ರಲ್ಲಿ ಪುದುಚೇರಿಯಲ್ಲಿ ತೀರಿಕೊಂಡವರು. ತೆಲುಗು ನಿಘಂಟು ರಚಿಸಿದವರು. ಬಟ್ಟೆಗೆ ಬಣ್ಣ ಕಟ್ಟುವ ಇಲ್ಲಿನ ಕಸುಬನ್ನು ಯುರೋಪಿಗೆ ವಿವರಿಸಿದವರು. ಸಂಸ್ಕೃತಕ್ಕೂ ಲ್ಯಾಟಿನ್ ಭಾಷೆಗೂ ಇರುವ ನೆಂಟಸ್ತಿಕೆಯನ್ನು ವಿಲಿಯಂ ಜೋನ್ಸ್‌ಗಿಂತ ಮೊದಲೇ ಗುರುತಿಸಿದವರು. 1773ರಲ್ಲಿ ಯೇಸುಸಭೆಯೇ ವಿಸರ್ಜನೆಗೊಂಡಿದ್ದರಿಂದ ಅವರ ಬರಹವನ್ನು ಕೇಳುವವರಿರಲಿಲ್ಲ. ದುಬಾಯ್ ತಮ್ಮ ಅನುಭವದಿಂದ ಸಾಕಷ್ಟು ಸೇರಿಸಿದ್ದಾರೆಂಬುದು ನಿಜ. ಆದರೂ ಆ ಹಿರಿಯರ ಹೆಸರನ್ನು ಹೇಳದೇ ಹೋದದ್ದು ಸರಿಯಲ್ಲ. ಜಾತಿಪದ್ಧತಿಯನ್ನು ಅವರು ಆ ಪುಸ್ತಕದಲ್ಲಿ ಸಮರ್ಥಿಸಿದ್ದನ್ನೂ ಇಂದು ನಾವು ಒಪ್ಪಲಾರೆವು.

ಕೊನೆಯ ವರ್ಷಗಳಲ್ಲಿ ಅವರ ಮನಸ್ಸನ್ನು ನಿರಾಶೆ ಕವಿಯಿತು. ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರುವ ಕಾಲ ಮುಗಿಯಿತೆಂದೇ ಅವರು ಬಗೆದರು. ಅವಸರದಲ್ಲಿ ದೇಶಭಾಷೆಗಳಿಗೆ ಮಾಡಿದ ಬೈಬಲ್ ಅನುವಾದಗಳು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚಾಗಿ ಮಾಡುತ್ತವೆಂದೂ ವಾದಿಸಿದರು. ಆ ವರ್ಷಗಳಲ್ಲೇ ನಮ್ಮ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿನ ಕೆಲಸದಲ್ಲಿ ತೊಡಗಿದ್ದುದನ್ನು ಇಲ್ಲಿ ನೆನೆಯಬೇಕು. 1823ರಲ್ಲಿ ಈ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದಾಗ ಪ್ರಾಟೆಸ್ಟಂಟ್ ಬೋಧಕರು ಖಾರವಾಗಿಯೇ ಉತ್ತರಿಸಿದರು. ಕ್ರೈಸ್ತ ಕುಟುಂಬಗಳು ಇಂದು ಅವರು ನಡೆದಾಡಿದ ನಾಡಿನಲ್ಲೇ ಬಾಳುತ್ತಿರುವುದನ್ನು ನೋಡಿದರೆ ಅವರ ಲೆಕ್ಕ ತಪ್ಪಿತೆನ್ನಬೇಕು. ಭಾಷೆಯ ಬಗ್ಗೆ ಅವರು ಹೇಳಿದ್ದನ್ನು ಮಾತ್ರ ಹಾಗೆ ತಳ್ಳಿಹಾಕಲು ಬಾರದು.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಪ್ರಯಾಣದ ವೆಚ್ಚವನ್ನು ಕಂಪನಿಯೇ ಭರಿಸಿ ನಿವೃತ್ತಿವೇತನವನ್ನೂ ಗೊತ್ತುಮಾಡಿತು. ಪ್ಯಾರಿಸ್ಸಿನಲ್ಲಿ ಅವರು, ತಮಿಳು, ತೆಲುಗು ಮತ್ತು ಕನ್ನಡದ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. ಆ ಪುಸ್ತಕ 1826ರಲ್ಲಿ ಪ್ರಕಟವಾಯಿತು. ಬೆಸ್ಕಿಯವರು ತಮಿಳಿನಲ್ಲಿ ಬರೆದ ಪರಮಾರ್ಥ ಗುರುವಿನ ನಗೆಗತೆಗಳೂ ಅದರಲ್ಲಿವೆ. ತಾವು ಹೊರಟ ವಿದೇಶೀ ಮಿಶನ್ನಿನ ಗುರುಮಠಕ್ಕೇ ಮರಳಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. 1848ರ ಫೆಬ್ರವರಿ 17ರಂದು ಅಲ್ಲಿಯೇ ಕಣ್ಣುಮುಚ್ಚಿದರು. ಅದಾದ ಒಂದು ವಾರದೊಳಗೆ ಪ್ಯಾರಿಸ್ಸಿನ ಬೀದಿಗಳಲ್ಲಿ ಮತ್ತೊಂದು ಕ್ರಾಂತಿ ಎದ್ದಿತು.